ಕಬ್ಬಿಣಕ್ಕೆ ದೊರೆತ ಮನ್ನಣೆ

ಅರಸರು ಮೆಚ್ಚಿ ಕೊಡುವ ಬಿರುದು, ಪದಕಗಳೆಂದರೆ ಬೆಳ್ಳಿಬಂಗಾರಗಳೇ ನೆನಪಿಗೆ ಬರುವುದು ಸಹಜ. ಜರ್ಮನಿಯ ಪ್ರಶಿಯಾ ರಾಜ್ಯದಲ್ಲಿ ಆ ಮನ್ನಣೆ ಕಬ್ಬಿಣಕ್ಕೆ ದೊರೆಯಿತು. ಅಲ್ಲಿಯ ಕಬ್ಬಿಣದ ಶಿಲುಬೆಯನ್ನು ಪದಕಸಂಗ್ರಾಹಕರು ಇಂದಿಗೂ ಆದರದಿಂದ ಅರಸುತ್ತಾರೆ.

ನೆಪೋಲಿಯನ್ನನ ವಿರುದ್ಧ ಯುದ್ಧಕ್ಕೆ ಸಿದ್ಧವಾಗುತ್ತಿದ್ದ ರಾಜ್ಯದ ಬೊಕ್ಕಸ ಬರಿದಾಗಿತ್ತು. 1813ರ ಮಾರ್ಚ್‌ನಲ್ಲಿ ದೊರೆ ಮೂರನೆಯ ಫ್ರೆಡರಿಕ್ ವಿಲಿಯಂ ಬ್ರೆಸ್ಲೌ ನಗರದಲ್ಲಿ ಈ ಪದಕವನ್ನು ಸ್ಥಾಪಿಸಿದನು. 1810ರಲ್ಲಿ ತೀರಿಕೊಂಡಿದ್ದ ರಾಣಿ ಲೂಯಿಸಳ ಜನ್ಮದಿನವಾದ ಮಾರ್ಚ್ 10ನ್ನೇ ಅದರ ಸ್ಥಾಪನೆಯ ದಿನವೆಂದು ಗೊತ್ತುಪಡಿಸಿದನು. ರೂಪ ಕೊಟ್ಟವನು ಹೆಸರಾಂತ ವಾಸ್ತುಶಿಲ್ಪಿ ಶಿಂಕೆಲ್. ನಡುವೆ ಎರಕದ ಕಬ್ಬಿಣ, ಅಂಚಿಗೆ ಬೆಳ್ಳಿಯ ಕಟ್ಟು, ಇಷ್ಟೇ. ಅದೇ ವರ್ಷ ಅಲ್ಲಿಯ ಹೆಂಗಳೆಯರು ತಮ್ಮ ಚಿನ್ನದ ಒಡವೆಗಳನ್ನು ಯುದ್ಧನಿಧಿಗೆ ಒಪ್ಪಿಸಿ, ಕಬ್ಬಿಣದ ಉಂಗುರಗಳನ್ನು ಹೆಮ್ಮೆಯಿಂದ ಧರಿಸಿದರು. ಇನ್ನೊಂದು ವಿಶೇಷವುಂಟು. ಸೇನಾಪತಿಗೂ ಸಾಮಾನ್ಯ ಸೈನಿಕನಿಗೂ ಅದೇ ಶಿಲುಬೆ. ಪದವಿಯ ಭೇದ ಎಣಿಕೆಗೆ ಬರಲಿಲ್ಲ. ಇದರ ನಿಜವಾದ ಹಿರಿಮೆ ಇದೆಂದೇ ನಾವು ಭಾವಿಸುತ್ತೇವೆ.

1870ರಲ್ಲಿ ಹಾಗೂ 1914ರಲ್ಲಿ ಪದಕವನ್ನು ಪುನಃ ಜಾರಿಗೆ ತಂದರು. ಮೊದಲನೆಯ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ಹಂಚಿದ್ದರಿಂದ ಅಂದಿನವು ಸುಲಭವಾಗಿ ಸಿಗುತ್ತವೆ. 1813ರವು ಬಹು ವಿರಳ; ಅಂತೆಯೇ ನಕಲಿಗಳು ಹೇರಳ. ಅಸಲಿಯಲ್ಲಿ ಸಾಮಾನ್ಯವಾಗಿ ಮೂರು ಭಾಗಗಳಿರುತ್ತವೆ: ಕಬ್ಬಿಣದ ತಿರುಳು, ಹಿಂದೆ ಮುಂದೆ ಬೆಳ್ಳಿಯ ಎರಡು ಚೌಕಟ್ಟುಗಳು. ಭೂತಗನ್ನಡಿ ಹಿಡಿದು ಅಂಚನ್ನು ನೋಡಿದರೆ ಬೆಸುಗೆಯ ಗೆರೆ ಕಂಡೀತು. ಒಂದೇ ಎರಕದಲ್ಲಿ ಹೊಯ್ದದ್ದನ್ನು ಸಂಶಯಿಸಬೇಕು. ಸೂಜಿಗಲ್ಲಿಗೆ ಅಂಟಿತೆಂದು ನಂಬತಕ್ಕದ್ದಲ್ಲ. ನಕಲಿಯವನಿಗೂ ಕಬ್ಬಿಣ ಸಿಗುತ್ತದೆಯಷ್ಟೆ! ನಮ್ಮ ಮನೆಗಳಲ್ಲಿ ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುವಂತೆ ಇದನ್ನು ತಿಕ್ಕಲಾಗದು. ಕಪ್ಪು ಬಣ್ಣ ಹೋದರೆ ಬೆಲೆಯೂ ಹೋಯಿತು. ಸ್ವಸ್ತಿಕವಿರುವ 1939ರ ಶಿಲುಬೆ ಹಿಟ್ಲರನ ಆಳ್ವಿಕೆಯದು, ಪ್ರಶಿಯಾ ಅರಸರದಲ್ಲ.

ಪಡೆದವನ ಹೆಸರನ್ನು ಈ ಪದಕದ ಮೇಲೆ ಕೊರೆಯುವ ವಾಡಿಕೆ ಇರಲಿಲ್ಲ. ಹೆಸರು, ದಳ, ದಿನಾಂಕ, ಮೊಹರು ಎಲ್ಲವೂ ಇರುವುದು ಜೊತೆಗೆ ಕೊಟ್ಟ ಸನ್ನದಿನಲ್ಲಿ. ಮನೆತನದವರು ಮಾರುವಾಗ ಕೆಲವು ವ್ಯಾಪಾರಿಗಳು ಹೆಚ್ಚಿನ ಲಾಭಕ್ಕಾಗಿ ಪದಕವನ್ನೂ ಸನ್ನದನ್ನೂ ಬೇರೆಬೇರೆಯಾಗಿ ಮಾರುವುದುಂಟು. ಇದು ನಮಗೆ ಸರ್ವಥಾ ಒಪ್ಪಿತವಲ್ಲ. ಪ್ರಶಿಯಾ ರಾಜ್ಯವನ್ನು 1947ರಲ್ಲಿ ವಿಧಿವತ್ತಾಗಿ ರದ್ದುಗೊಳಿಸಲಾಯಿತು. ಅದರ ಸೇನಾದಾಖಲೆಗಳಲ್ಲಿ ಬಹುಪಾಲು 1945ರ ಬಾಂಬುದಾಳಿಯಲ್ಲಿ ಸುಟ್ಟುಹೋಗಿದ್ದವು. ಹೀಗಿರಲು, ಎಷ್ಟೋ ಸೈನಿಕರ ಹೆಸರು ಉಳಿದಿರುವುದು ಆ ಹಳದಿಗಟ್ಟಿದ ಕಾಗದದಲ್ಲಿ ಮಾತ್ರ.