ಕಪ್ಪು ಪರದೆಯ ಸಣ್ಣ ಅಕ್ಷರ

ಮೈಸೂರಿನ ಮಂಡಿ ಮೊಹಲ್ಲಾದಂಥ ವ್ಯಾಪಾರದ ಕೇರಿ. ಅಂಗಡಿಯ ಉಬುಂಟು ಕಂಪ್ಯೂಟರಿನಲ್ಲಿ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಚಿತ್ರಗಳೆಲ್ಲ ಮಾಯವಾಗಿ ಕಪ್ಪು ಪರದೆ ಬರುತ್ತದೆ. ಇದೇ ಕನ್ಸೋಲ್. ಆದರೆ ಅಕ್ಷರಗಳು ಸಾಸಿವೆಯಷ್ಟು!

ಕಾರಣ ಸರಳ ಲೆಕ್ಕ. ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳಿವೆ ಎನ್ನಿ. ಒಂದು ಅಕ್ಷರಕ್ಕೆ 8 ಅಗಲ, 16 ಎತ್ತರ ಕೊಟ್ಟರೆ ಒಂದೇ ಸಾಲಿನಲ್ಲಿ 240 ಅಕ್ಷರ ತುರುಕಿಕೊಳ್ಳುತ್ತವೆ. ಹಳೆಯ ಪರದೆಗಳಲ್ಲಿ ಇದ್ದದ್ದು 80 ಮಾತ್ರ.

ರೆಸಲ್ಯೂಶನ್ ತಗ್ಗಿಸಿದರೆ ಅಕ್ಷರ ದೊಡ್ಡದಾಗುತ್ತದೆ, ನಿಜ. ಆದರೆ ಎಲ್‌ಸಿಡಿಯ ಚುಕ್ಕಿಗಳ ಸಂಖ್ಯೆ ಬದಲಾಗದು, ಅಂಚು ಮಸುಕಾಗುತ್ತದೆ. ಅದರ ಗೊಡವೆ ಬೇಡ, ಫಾಂಟನ್ನೇ ಬದಲಿಸುವುದು ಒಳ್ಳೆಯದು.

'ಸುಡೊ ಡಿಪಿಕೆಜಿ-ರೀಕಾನ್ಫಿಗರ್ ಕನ್ಸೋಲ್-ಸೆಟಪ್' ಎಂದು ಇಂಗ್ಲಿಷಿನಲ್ಲಿ ಟೈಪಿಸಿ. ಬರುವ ಪಟ್ಟಿಯಲ್ಲಿ ಟರ್ಮಿನಸ್ ಫಾಂಟ್, ಅಳತೆ 16x32 ಆರಿಸಿ. ಈಗ ಸಾಲಿಗೆ 120 ಅಕ್ಷರ, ಪರದೆಗೆ 33 ಸಾಲು. ಚಾಳೀಸು ಹುಡುಕಬೇಕಿಲ್ಲ! ಕಂಪ್ಯೂಟರ್ ಆಫ್ ಮಾಡಿ ಮತ್ತೆ ಆನ್ ಮಾಡಿದರೂ ಈ ಬದಲಾವಣೆ ಉಳಿಯುತ್ತದೆ. 'ಸೆಟ್‌ಫಾಂಟ್' ಆದೇಶದಿಂದ ಮಾಡಿದ ಬದಲಾವಣೆಯಾದರೆ ಉಳಿಯದು.

ಉಬುಂಟುವಿನ ತಿರುಳಾದ ಲಿನಕ್ಸ್ ಕರ್ನಲ್ ಕೂಡ, 2019ರಲ್ಲಿ ಬಂದ 5.0 ಆವೃತ್ತಿಯಿಂದ, ಈ ದೊಡ್ಡ ಟರ್ಮಿನಸ್ ಅಕ್ಷರಗಳನ್ನು ತನ್ನೊಳಗೇ ಸೇರಿಸಿಕೊಂಡಿದೆ.

ಕನ್ನಡದ ಮಾತು ಬೇರೆ. ಈ ಕನ್ಸೋಲಿನ ಫಾಂಟಿನಲ್ಲಿ ಹೆಚ್ಚೆಂದರೆ 512 ಆಕಾರ. ಒತ್ತಕ್ಷರ ಜೋಡಿಸುವ ವ್ಯವಸ್ಥೆಯೇ ಇಲ್ಲ. 'ಲಕ್ಷ್ಮಿ ಸ್ಟೋರ್ಸ್' ಎಂಬ ಹೆಸರು ಓದಲು ಚಿತ್ರಪರದೆಗೇ ಮರಳಬೇಕು, ಅಲ್ಲಿನ ಟರ್ಮಿನಲ್ಲಿನಲ್ಲಿ ಕಂಟ್ರೋಲ್, ಶಿಫ್ಟ್, ಪ್ಲಸ್ ಒತ್ತಿದರೆ ಅಕ್ಷರ ಅಲ್ಲೇ ಹಿಗ್ಗುತ್ತದೆ.