ನಡುಕದ ಕಾಯಿಲೆಗೆ ಬೆಳಕಿನ ನೆರವು

ನೆರಳು ಅತಿಯಾದರೆ ಕಾಫಿ ಗಿಡದಲ್ಲಿ ಹೂವು ಕಡಿಮೆಯಾಗುವುದೆಂದು ಬೆಳೆಗಾರರಾದ ನಾವೆಲ್ಲ ಬಲ್ಲೆವು. ಅದಕ್ಕೇ ಮರಗಸಿ ಮಾಡಿಸುತ್ತೇವೆ. ಮನುಷ್ಯನ ದೇಹಕ್ಕೂ ಬೆಳಕಿನ ಲೆಕ್ಕವುಂಟು. ಪಾರ್ಕಿನ್ಸನ್ ಕಾಯಿಲೆಯವರ ಮಟ್ಟಿಗೆ ಇದು ಗಮನಿಸತಕ್ಕ ವಿಷಯ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ವಿವರಿಸಿದ ಈ ಕಾಯಿಲೆಯಲ್ಲಿ, ಮಿದುಳಿನಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ಕ್ರಮೇಣ ನಶಿಸುತ್ತವೆ. ಕೈನಡುಕ, ಮೈ ಬಿಗಿತ, ನಿಧಾನ ನಡಿಗೆ ಎಲ್ಲರ ಕಣ್ಣಿಗೂ ಕಾಣುತ್ತವೆ. ಕಾಣದ ತೊಂದರೆಗಳೂ ಇವೆ: ರಾತ್ರಿ ನಿದ್ರೆಗೇಡು, ಹಗಲು ತೂಕಡಿಕೆ, ಮನಸ್ಸಿನ ಖಿನ್ನತೆ, ಮಲಬದ್ಧತೆ. ಕಾಫಿಯ ಘಮವೂ ತಿಳಿಯದಷ್ಟು ವಾಸನಾಶಕ್ತಿ ಕುಂದುವುದು ನಡುಕಕ್ಕೆ ವರ್ಷಗಳ ಮೊದಲೇ ಆರಂಭವಾಗಬಹುದು. ಆದ್ದರಿಂದ ಹಿರಿಯರು ಜಗಲಿಯಲ್ಲಿ ಹಗಲೆಲ್ಲ ತೂಕಡಿಸಿದರೆ ವಯಸ್ಸಾಯಿತೆಂದೋ ಸೋಮಾರಿತನವೆಂದೋ ತಳ್ಳಿಹಾಕಬಾರದು.

ಬೆಳಕಿಗೂ ಇದಕ್ಕೂ ಏನು ಸಂಬಂಧ? ಕಣ್ಣಿಗೆ ಬೀಳುವ ಬೆಳಕೇ ಮಿದುಳಿನೊಳಗಿನ ಗಡಿಯಾರಕ್ಕೆ ಹಗಲು ರಾತ್ರಿಯ ಗುರುತು ಕೊಡುತ್ತದೆ. ಈ ಕಾಯಿಲೆಯಲ್ಲಿ ಆ ಗಡಿಯಾರದ ಲಯ ಮಂಕಾಗುತ್ತದೆ.

ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 31 ರೋಗಿಗಳಿದ್ದರು. ಕೆಲವರನ್ನು ಪ್ರಖರ ದೀಪದ ಮುಂದೆಯೂ ಉಳಿದವರನ್ನು ಮಂದ ಕೆಂಪು ದೀಪದ ಮುಂದೆಯೂ ದಿನಕ್ಕೆರಡು ಬಾರಿ ಒಂದೊಂದು ಗಂಟೆ, 14 ದಿನ ಕೂರಿಸಲಾಯಿತು. ಪ್ರಖರ ಬೆಳಕು ಪಡೆದವರ ಹಗಲು ತೂಕಡಿಕೆ ಹೆಚ್ಚು ಇಳಿಯಿತು. 2019ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಪರೀಕ್ಷೆಯಲ್ಲಿ ಖಿನ್ನತೆಯಿದ್ದ 83 ರೋಗಿಗಳಿದ್ದರು. ಅಲ್ಲಿ 10,000 ಲಕ್ಸ್ ಬೆಳಕಿನಿಂದ ಖಿನ್ನತೆಯಲ್ಲಿ ಮಂದ ಬೆಳಕಿಗಿಂತ ಮೇಲಾದ ಗುಣ ಸಿಗಲಿಲ್ಲ. ಆದರೆ ನಿದ್ರೆ ಹೆಚ್ಚು ಸುಧಾರಿಸಿತೆಂದು ರೋಗಿಗಳೇ ಹೇಳಿದರು. ಎಂದರೆ, ಇದು ಕಾಯಿಲೆಯನ್ನು ವಾಸಿಮಾಡುವ ಮದ್ದಲ್ಲ, ನಿದ್ರೆಗೆ ಒದಗುವ ನೆರವು.

ದೀಪ ಕೊಳ್ಳುವ ಮೊದಲು ವೈದ್ಯರನ್ನು ಕೇಳತಕ್ಕದ್ದು. ಕಣ್ಣಿನ ದೋಷವಿದ್ದವರು ಇದನ್ನು ಮರೆಯಲೇಬಾರದು. ಮಾತ್ರೆಗಳನ್ನು ಯಾವ ಕಾರಣಕ್ಕೂ ತಾವಾಗಿ ನಿಲ್ಲಿಸಕೂಡದು. ಮೇಲಿನ ಪರೀಕ್ಷೆಗಳು ದೀಪದಿಂದ ನಡೆದವಾದರೂ ಹಗಲಿನ ಬೆಳಕು ಪುಕ್ಕಟೆ ಸಿಗುತ್ತದೆ. ಮನೆಯೊಳಗಿನ ದೀಪದ ಬೆಳಕು ಕೆಲವು ನೂರು ಲಕ್ಸ್ ಮಾತ್ರ. ಮೋಡದ ಹಗಲಿನಲ್ಲೂ ಬಯಲಲ್ಲಿ ಸಾಮಾನ್ಯವಾಗಿ ಸಾವಿರಾರು ಲಕ್ಸ್ ಇರುತ್ತದೆ. ಸೂರ್ಯನನ್ನು ನೇರ ನೋಡದೆ, ಬೆಳಗಿನ ಹೊತ್ತು ಹಿರಿಯರನ್ನು ಕೈಹಿಡಿದು ಅಂಗಳಕ್ಕೆ ಕರೆತಂದು ಕೂರಿಸೋಣ. ರಾತ್ರಿ ಬೇಗ ದೀಪ ತಗ್ಗಿಸೋಣ.

ಗಿಡಕ್ಕೆ ಬೆಳಕು ಬಿಡುವ ನಾವು ಮನೆಯ ಹಿರಿಯರನ್ನು ಕತ್ತಲ ಕೋಣೆಯಲ್ಲಿ ಬಿಡಬಾರದಲ್ಲವೆ?