ಬೆಳಗಾವಿ ಹಳ್ಳಿಗಳಲ್ಲಿ ಪರೀಕ್ಷೆಯಾದ ಬಾಣಂತಿ ಮಾತ್ರೆ

ತಳೇಗಾಂವ ದಾಭಾಡೆಯಿಂದ ಮಾತಾಡ್ತಿದ್ದೀನಿ. ಈ ಕಡೆ ಹಿಂಜವಡಿ, ಚಾಕಣದಲ್ಲಿ ಕೆಲಸ ಮಾಡೋ ನಮ್ಮ ಮಂದಿ ಊರಿಗೆ ಹೊರಟ್ರೆ ಬೆಳಗಾವಿ ದಾಟೇ ಹೋಗ್ತಾರೆ. ಆ ಬೆಳಗಾವಿಯ ಹಳ್ಳಿಗಳಲ್ಲಿ ನಡೆದ ಒಂದು ಅಧ್ಯಯನ ಎಷ್ಟೋ ದೇಶಗಳ ಬಾಣಂತಿಯರಿಗೆ ಉಪಕಾರ ಮಾಡಿದೆ. ಇವತ್ತು ಅದರ ವಿಷಯ.

ಮಗು ಹುಟ್ಟಿದ ಮೇಲೆ ಗರ್ಭಕೋಶ ಗಟ್ಟಿಯಾಗಿ ಕುಗ್ಗಬೇಕು. ಕುಗ್ಗದಿದ್ರೆ ರಕ್ತ ನಿಲ್ಲಲ್ಲ, ಕೆಲವೇ ಗಂಟೆಗಳಲ್ಲಿ ತಾಯಿ ಜೀವಕ್ಕೇ ಅಪಾಯ. ಇದಕ್ಕೆ ಆಕ್ಸಿಟೋಸಿನ್ ಇಂಜೆಕ್ಷನ್ ಇದೆ. ಆದ್ರೆ ಅದನ್ನ ತಣ್ಣಗೆ ಇಡಬೇಕು, ಸೂಜಿ ಹಾಕಲು ಬರೋರು ಇರಬೇಕು. ಹಳ್ಳಿಮನೆ ಹೆರಿಗೆಗೆ ಇವೆರಡೂ ಎಲ್ಲಿಂದ ತರೋದು?

ಬಡದೇಶಗಳ ತಾಯಂದಿರ ಆರೋಗ್ಯಕ್ಕಾಗಿ ಬಹಳ ವರ್ಷ ದುಡಿದ ಅಮೆರಿಕದ ಪ್ರಸೂತಿ ತಜ್ಞ ಡಾ. ರಿಚರ್ಡ್ ಡರ್ಮನ್, ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ಡಾ. ಕೊಡ್ಕಣಿ, ಡಾ. ಗೌಡರ ಮೊದಲಾದವರ ಜೊತೆ ಸೇರಿ ಮಿಸೊಪ್ರೊಸ್ಟಾಲ್ ಮಾತ್ರೆಯನ್ನ ಪರೀಕ್ಷಿಸಿದ್ರು. ಇದಕ್ಕೆ ಫ್ರಿಜ್ಜೂ ಬೇಡ, ಸೂಜಿಯೂ ಬೇಡ.

2002ರಿಂದ 2005ರವರೆಗೆ 1,620 ಹೆಂಗಸರು ಇದರಲ್ಲಿ ಸೇರಿದ್ರು. ಹೆಚ್ಚುಕಡಿಮೆ ಅರ್ಧ ಜನಕ್ಕೆ ಔಷಧಿ, ಉಳಿದವರಿಗೆ ನೋಡೋಕೆ ಅದೇ ಥರದ ಔಷಧಿ ಇಲ್ಲದ ಮಾತ್ರೆ. ಕೊಟ್ಟೋರು ದೊಡ್ಡ ಡಾಕ್ಟರಲ್ಲ, ಊರೂರು ಸುತ್ತೋ ನರ್ಸಮ್ಮಂದಿರು. ಹೋದ ರಕ್ತವನ್ನ ಕಣ್ಣಂದಾಜಿನಲ್ಲಿ ಹೇಳಲಿಲ್ಲ. ಗುರುತು ಹಾಕಿದ ಪ್ಲಾಸ್ಟಿಕ್ ಚೀಲದ ಹಾಳೆಯನ್ನ ಬಾಣಂತಿ ಕೆಳಗೆ ಹಾಸಿ ಅಳೆದ್ರು. ಕಣ್ಣಂದಾಜು ಸಾಮಾನ್ಯವಾಗಿ ಕಡಿಮೆಯೇ ಹೇಳುತ್ತೆ, ಅದೇ ಅಪಾಯ.

ಫಲಿತಾಂಶ 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಅರ್ಧ ಲೀಟರ್ ಅಥವಾ ಹೆಚ್ಚು ರಕ್ತ ಹೋದೋರು ಶೇ. 12ರಿಂದ 6.4ಕ್ಕೆ ಇಳಿದ್ರು. ಒಂದು ಲೀಟರ್ ಅಥವಾ ಹೆಚ್ಚು ಹೋದೋರು ಶೇ. 1.2ರಿಂದ 0.2ಕ್ಕೆ. ಚಳಿ-ನಡುಕ, ಜ್ವರ ಜಾಸ್ತಿ ಆದವು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಾತ್ರೆಯನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಆಕ್ಸಿಟೋಸಿನ್ ಸಿಗೋ ಕಡೆ ಈಗಲೂ ಅದೇ ಮೊದಲ ಆಯ್ಕೆ. ಸಿಗದ ಕಡೆ ಈ ಮಾತ್ರೆ.

ಒಂದು ಎಚ್ಚರಿಕೆ: ಇದು ಮಗು ಹುಟ್ಟಿದ ಮೇಲೆ, ತರಬೇತಿ ಇರೋರು ಕೊಡೋ ಔಷಧಿ. ಅದಕ್ಕೂ ಮುಂಚೆ ತಗೊಂಡ್ರೆ ತಾಯಿ-ಮಗು ಇಬ್ಬರಿಗೂ ಅಪಾಯ.

ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗೋದು ವಾಡಿಕೆ. ನಿಮ್ಮ ಹೆಂಡತಿಯೋ ತಂಗಿಯೋ ಹೊರಟಿದ್ರೆ, ಅಲ್ಲಿನ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಮೂರು ಮಾತು ಕೇಳಿ: ರಕ್ತಸ್ರಾವ ತಡೆಯೋಕೆ ಏನು ಕೊಡ್ತೀರಿ? ಹೋದ ರಕ್ತ ಅಳೀತೀರಾ? ರಾತ್ರಿ ರಕ್ತ ಬೇಕಾದ್ರೆ ಎಲ್ಲಿಂದ ತರ್ತೀರಿ? ತೊಟ್ಟಿಲು ಆಮೇಲೆ ತಂದರಾಯ್ತು.